ಬೋರ್ ಕೊರೆಯದೆ ಟೇಲ್ ಎಂಡ್‌ಗೆ ನೀರು ಮುಟ್ಟಿಸಿದ್ದು: ನನ್ನ ಅನುಭವ

ನಾಲ್ಕು ಹೊಸ ಬೋರ್‌ವೆಲ್ ಬೇಕು ಅಂತ ತಯಾರಾಗಿದ್ದ ಫೈಲ್ ಈಗಲೂ ಆಫೀಸಿನ ಕಪಾಟಿನಲ್ಲೇ ಇದೆ. ಒಂದನ್ನೂ ಕೊರೆಸಲಿಲ್ಲ. ಆದರೂ ನಮ್ಮ ಊರಿನ ಒಂದು ವಾರ್ಡಿನ ಟೇಲ್ ಎಂಡ್‌ಗೆ, ಅಂದರೆ ಪೈಪ್ ಲೈನಿನ ಕೊನೇ ಮನೆಗೆ, ಇವತ್ತು ನೀರು ಹೋಗುತ್ತಿದೆ. ಸೋರಿಕೆ ಹುಡುಕಿ ಮುಚ್ಚಿದರೆ ಸಾಕು ಎಂದಾಗ "ಇದೆಲ್ಲ ಪುಸ್ತಕದ ಮಾತು, ಪುರಸಭೆಯಲ್ಲಿ ನಡೆಯಲ್ಲ" ಎಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪುರಸಭೆಗೆ ಜೆಇ (ಜೂನಿಯರ್ ಎಂಜಿನಿಯರ್) ಆಗಿ ಸೇರಿ ಆಗ ಎರಡನೇ ವರ್ಷ. ತುಂಗಭದ್ರೆಯಿಂದ ನೀರು ತರುವ ಊರು, ಒಂದು ದಿನ ಬಿಟ್ಟು ಒಂದು ದಿನ ಸಪ್ಲೈ. ಹೊಸದಾಗಿ ಸೇರಿದವರಿಗೆ ನೀರು ಸರಬರಾಜಿನ ಜವಾಬ್ದಾರಿ ಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಕ್ಷೆ ಇರುವುದಿಲ್ಲ, ಒಟ್ಟು ನೀರು ಅಳೆಯುವ ಬಲ್ಕ್ ಮೀಟರ್ ಓಡುವುದಿಲ್ಲ, ಬೆಳಗ್ಗೆ ಐದಕ್ಕೇ ಸದಸ್ಯರ ಫೋನ್. ಇಡೀ ಜಾಲ ಇರುವುದು ವಾಲ್ವ್ ತಿರುಗಿಸಿ ನೀರು ಬಿಡುವ ನೀರುಗಂಟಿಗಳ ತಲೆಯಲ್ಲಿ.

ನಾನು ಮೊದಲು ಲೆಕ್ಕ ಹಾಕಿದೆ. ಆ ವಾರ್ಡಿಗೆ ನೀರು ಹೋಗುವ ವಲಯದಲ್ಲಿ ಮುನ್ನೂರು ಚಿಲ್ಲರೆ ಮನೆ. ಒಂದು ಸಪ್ಲೈಗೆ, ಅಂದರೆ ಎರಡು ಗಂಟೆಗೆ, ಐದು ಲಕ್ಷ ಲೀಟರ್ ಟ್ಯಾಂಕಿನ ಅರ್ಧ ಖಾಲಿಯಾಗುತ್ತಿತ್ತು. ತಲೆಗೆ ದಿನಕ್ಕೆ 80 ಲೀಟರ್ ಬಿತ್ತು. ಯುಜಿಡಿ (ಒಳಚರಂಡಿ) ಇಲ್ಲದ ಊರಿಗೆ ಕೇಂದ್ರದ ನೀರು ಸರಬರಾಜು ಕೈಪಿಡಿ ಆಗ ಹೇಳುತ್ತಿದ್ದದ್ದೇ 70 ಲೀಟರ್. ಹಾಗಾದರೆ ಕೊನೇ ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದುಕೊಂಡು ಮೇಲಿನ ಓಣಿಗೆ ಯಾಕೆ ಬರಬೇಕು? ನೀರು ಕಡಿಮೆ ಇಲ್ಲ, ಎಲ್ಲೋ ಹೋಗುತ್ತಿದೆ ಎಂದೆ. ಹಿರಿಯರೊಬ್ಬರು "ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲಿ 2008ರಲ್ಲಿ 24 ಗಂಟೆ ನೀರು ಕೊಟ್ಟಿದ್ದು ಹೊಸ ಪೈಪ್ ಹಾಕಿ. ಹಳೇ ಪೈಪಿನಲ್ಲಿ ಸೋರಿಕೆ ಹುಡುಕುತ್ತಾ ಕೂತರೆ ನಿನ್ನ ಸರ್ವಿಸ್ ಮುಗಿಯುತ್ತೆ" ಎಂದರು.

ಮೊದಲ ಪ್ರಯತ್ನಗಳು ಕೆಲಸ ಮಾಡಲಿಲ್ಲ. ಸಪ್ಲೈ ಹೊತ್ತಿನಲ್ಲಿ ಪೈಪಿನ ಮೇಲೆ ಸೌಂಡಿಂಗ್ ರಾಡ್ (ಸೋರಿಕೆಯ ಸದ್ದು ಕೇಳುವ ಸಲಾಕೆ) ಇಟ್ಟು ಕೇಳಿದರೆ ಬೈಕು, ಮನೆಮನೆಯ ಮೋಟರು, ಇವೇ ಸದ್ದು. ಮೈಕ್ ಇರುವ ಮಷಿನ್ ತಂದು ಒಬ್ಬರು ಡೆಮೊ ಕೊಟ್ಟರು. ಬೆಲೆ ಸುಮಾರು ನಾಲ್ಕು ಲಕ್ಷ. ನಮ್ಮದು ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಪೈಪು, ಮಧ್ಯೆ ಮಧ್ಯೆ ಪಿವಿಸಿ. ಇವೆರಡರಲ್ಲೂ ಸೋರಿಕೆಯ ಸದ್ದು ದೂರ ಹೋಗುವುದಿಲ್ಲ. ಡೆಮೊದಲ್ಲಿ ಏನೂ ಸಿಗಲಿಲ್ಲ, ನಾಲ್ಕು ಲಕ್ಷ ಉಳಿಯಿತು.

ಆಮೇಲೆ ಟ್ಯಾಂಕನ್ನೇ ಮೀಟರ್ ಮಾಡಿಕೊಂಡೆ. ನಮ್ಮ ಟ್ಯಾಂಕಿನ ಅಡ್ಡಳತೆ ಹನ್ನೆರಡು ಮೀಟರ್ ಹತ್ತಿರ, ಅಂದರೆ ಒಂದು ಸೆಂಟಿಮೀಟರ್ ಇಳಿದರೆ ಸಾವಿರದ ನೂರು ಲೀಟರ್ ಮೇಲೆ ಹೋಯಿತು ಅಂತ ಲೆಕ್ಕ. ರಾತ್ರಿ ಒಂದರ ಮೇಲೆ ಇನ್‌ಲೆಟ್ ಬಂದ್ ಮಾಡಿ, ಆ ವಲಯದ ವಾಲ್ವ್ ಮಾತ್ರ ತೆರೆದು, ಮ್ಯಾನ್‌ಹೋಲ್‌ನಿಂದ ಸ್ಟೀಲ್ ಟೇಪ್ ಇಳಿಬಿಟ್ಟು ಐದೈದು ನಿಮಿಷಕ್ಕೆ ರೀಡಿಂಗ್ ತೆಗೆದೆವು. ನೀರು ಅಲುಗಾಡುವಾಗಲೂ ರೀಡಿಂಗ್ ಸರಿ ಬರಲಿ ಅಂತ ಟೇಪಿನ ತುದಿಗೆ ಒಂದು ಸಾಮಾನು ಕಟ್ಟಿದ್ದೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ಎದುರಿಗೆ ಸಿಕ್ಕರೆ ತೋರಿಸುತ್ತೇನೆ.

ಮೊದಲ ರಾತ್ರಿ ಹಾಳಾಯಿತು. ನಮ್ಮಲ್ಲಿ ನಲ್ಲಿ ಮುಚ್ಚುವ ಅಭ್ಯಾಸ ಎಲ್ಲಿದೆ, ನೆಲದಡಿಯ ಸಂಪ್ ತೊಟ್ಟಿಗೆ ಬಿಟ್ಟೇ ಇರುತ್ತಾರೆ. ಓಣಿ ತುಂಬಾ ನೀರು ಹರಿದು ನಡುರಾತ್ರಿ ಜನ ಎದ್ದು ಬಂದರು, ಬೆಳಗ್ಗೆ ಮುಖ್ಯಾಧಿಕಾರಿಗಳಿಂದ ನೋಟಿಸ್ ಬರುವುದೊಂದು ಬಾಕಿ. ಮುಂದಿನ ಸಲ ಸಂಜೆಯೇ ನೀರುಗಂಟಿಗಳನ್ನೂ ಪೌರಕಾರ್ಮಿಕರನ್ನೂ ಕರೆದುಕೊಂಡು ಮನೆಮನೆಗೆ ಹೋಗಿ ನಲ್ಲಿ ಮುಚ್ಚಿಸಿದೆವು. ಜನ ಕೇಳುವುದು ಎಂಜಿನಿಯರ್ ಮಾತನ್ನಲ್ಲ, ದಿನಾ ನೀರು ಬಿಡುವವನ ಮಾತನ್ನು. ಅವರಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಲ್ಲಿಗಳೆಲ್ಲ ಬಂದ್ ಇದ್ದರೂ ಟ್ಯಾಂಕು ಐದು ನಿಮಿಷಕ್ಕೆ ಮೂರು ಸೆಂಟಿಮೀಟರ್ ಇಳಿಯಿತು! ಗಂಟೆಗೆ ನಲವತ್ತು ಸಾವಿರ ಲೀಟರ್. ರಾತ್ರಿ ಒತ್ತಡ ಜಾಸ್ತಿ ಇರುತ್ತದೆ, ಆದ್ದರಿಂದ ಸಪ್ಲೈ ಹೊತ್ತಿನಲ್ಲಿ ಇಷ್ಟು ಹೋಗುವುದಿಲ್ಲ. ಆದರೂ ಕೊಟ್ಟ ನೀರಿನ ಕಾಲು ಭಾಗ ಅಂತೂ ನೆಲಕ್ಕೇ. ಕೊನೆಯಿಂದ ಶುರು ಮಾಡಿ ಒಂದೊಂದೇ ಸ್ಲೂಸ್ ವಾಲ್ವ್ ಮುಚ್ಚುತ್ತಾ ಬಂದೆವು. ಹಳೇ ಸಂತೆ ಮೈದಾನದ ವಾಲ್ವ್ ಮುಚ್ಚಿದ ತಕ್ಷಣ ಟೇಪ್ ಹೆಚ್ಚುಕಡಿಮೆ ನಿಂತೇಬಿಟ್ಟಿತು. ಅದಕ್ಕಿಂತ ಮೊದಲಿನ ವಾಲ್ವ್ ಮುಚ್ಚಿದಾಗ ಇಳಿತದಲ್ಲಿ ಏನೂ ಬದಲಾಗಿರಲಿಲ್ಲ. ಅಂದರೆ ಈ ಎರಡರ ನಡುವಿನ ಇನ್ನೂರು ಮೀಟರ್‌ನಲ್ಲೇ ಕಳ್ಳ ಇದ್ದಾನೆ.

ಇನ್ನೂರು ಮೀಟರ್ ಕಾಂಕ್ರೀಟ್ ರಸ್ತೆ ಅಗೆಯಲು ಯಾರು ಬಿಡುತ್ತಾರೆ? ಸೋರಿದ ನೀರು ಸೇರುತ್ತಿದೆಯಾ ಅಂತ ಪಕ್ಕದ ಚರಂಡಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿದೆ, ಬಣ್ಣವೇ ಬರಲಿಲ್ಲ, ಹೊಲಸು ನೀರು ಕ್ಲೋರಿನ್ ತಿಂದುಹಾಕುತ್ತದೆ. ಆಗ ನೀರಿನಲ್ಲಿ ಕರಗಿದ ಲವಣ ಅಳೆಯುವ ಮುನ್ನೂರು ರೂಪಾಯಿಯ ಟಿಡಿಎಸ್ ಪೆನ್ ಹಿಡಿದೆ. ನಮ್ಮ ನದಿ ನೀರು 200ರ ಒಳಗೆ ಬರುತ್ತದೆ, ಚರಂಡಿ ನೀರು ಸಾವಿರದ ಮೇಲೆ, ಎರಡೂ ಬೆರೆತ ಕಡೆ ಅಂಕಿ ಇಳಿಯಬೇಕು. ಸಪ್ಲೈ ದಿನ ಬೆಳಗ್ಗೆ ಚರಂಡಿ ಗುಂಟ ಹತ್ತತ್ತು ಹೆಜ್ಜೆಗೆ ಅದ್ದುತ್ತಾ ಬಂದೆ. ಸಿಡಿ (ರಸ್ತೆಯಡಿಯ ಮೋರಿ) ಹತ್ತಿರ ಒಂದೇ ಸಲಕ್ಕೆ 400ಕ್ಕೆ ಇಳಿಯಿತು. ಜೊತೆಗಿದ್ದ ಹಿರಿಯ ನೀರುಗಂಟಿ ಅಲ್ಲೇ ಹೇಳಿದರು: "ಸಾಹೇಬ್ರ, ಇಲ್ಲೇ ಹಳೇ ಪಂಪ್‌ಹೌಸಿಗೆ ಹೋಗೋ ಲೈನ್ ಇತ್ರಿ. ರಸ್ತೆ ಮಾಡುವಾಗ ವಾಲ್ವ್ ಮ್ಯಾಲೆನ ಕಾಂಕ್ರೀಟ್ ಹಾಕ್ಯಾರ." ಅಗೆದರೆ ಅದೇ. ಆರು ಇಂಚಿನ ಎಸಿ ಪೈಪು, ಬಳಕೆ ನಿಲ್ಲಿಸಿದ ಮೇಲೂ ಯಾರೂ ಕಡಿದಿರಲಿಲ್ಲ, ಒಡೆದ ತುದಿ ಸಿಡಿ ಕೆಳಗೆ ಬಾಯಿ ತೆರೆದುಕೊಂಡಿತ್ತು. ಎಷ್ಟು ವರ್ಷದಿಂದ ಹರಿಯುತ್ತಿತ್ತೋ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಜೆಸಿಬಿಗೆ ಐದಾರು ಸಾವಿರ, ಎಸಿ ಪೈಪಿಗೆ ಹಾಕುವ ಸಿಐಡಿ ಜಾಯಿಂಟು, ಕ್ಯಾಪು, ಬೋಲ್ಟ್ ಸೇರಿ ಹತ್ತರ ಹತ್ತಿರ, ಮುಚ್ಚಿದ ತುದಿ ಒತ್ತಡಕ್ಕೆ ಕಿತ್ತುಹೋಗದಂತೆ ಹಾಕುವ ಥ್ರಸ್ಟ್ ಬ್ಲಾಕ್ ಮತ್ತು ರಸ್ತೆ ಮುಚ್ಚಲು ಇಪ್ಪತ್ತು. ನಲವತ್ತು ಸಾವಿರದ ಒಳಗೇ ಮುಗಿಯಿತು. ನಾಲ್ಕು ಬೋರ್, ಮೋಟರು, ಪ್ಯಾನೆಲ್, ಕೇಬಲ್ ಅಂದರೆ ಹದಿನೈದು ಲಕ್ಷ ದಾಟುತ್ತಿತ್ತು, ತಿಂಗಳ ಕರೆಂಟ್ ಬಿಲ್ ಬೇರೆ. ಆದರೆ ಆ ನಲವತ್ತು ಸಾವಿರದ ಬಿಲ್ ಪಾಸಾಗಲು ಬೋರ್ ಬಿಲ್‌ಗಿಂತ ಜಾಸ್ತಿ ದಿನ ಹಿಡಿಯಿತು, ಯಾಕೆಂದರೆ ಕಣ್ಣಿಗೆ ಕಾಣುವ ಹೊಸ ಕಾಮಗಾರಿ ಇಲ್ಲವಲ್ಲ.

ಟೇಲ್ ಎಂಡ್‌ನ ಒತ್ತಡದ ಗೇಜ್ ಮೊದಲು 0.1 ಅಲುಗುತ್ತಿತ್ತು, ಈಗ 0.6 ಕೆಜಿ, ಅಂದರೆ ನೀರು ಆರು ಮೀಟರ್ ಏರುವಷ್ಟು, ತೋರಿಸುತ್ತದೆ. ಒಂದಂತಸ್ತಿನ ಮನೆಗೆ ಆಗಿನ ಕೈಪಿಡಿ ಹೇಳುತ್ತಿದ್ದ ಏಳು ಮೀಟರ್‌ಗೆ ಸ್ವಲ್ಪ ಕಡಿಮೆ, ಆದರೆ ಸಂಪಿಲ್ಲದ ಮನೆಯಲ್ಲೂ ಕೊಡ ತುಂಬುತ್ತದೆ. ಉಳಿದದ್ದನ್ನು ಮೇಲಿನ ಓಣಿಯ ವಾಲ್ವ್ ಥ್ರಾಟಲ್ ಮಾಡಿ, ಅಂದರೆ ಅರೆಬರೆ ಮುಚ್ಚಿ, ಸರಿಪಡಿಸಿದೆ, ಎಷ್ಟು ಸುತ್ತು ಅಂತ ಚೇಂಬರ್ ಗೋಡೆಗೆ ಬಣ್ಣದಲ್ಲಿ ಬರೆಸಿದ್ದೇನೆ. ನಡುವೆ ಮೇಲಿನ ಮನೆಗಳ ನಲ್ಲಿ ಲೈನು ಮುಖ್ಯ ಪೈಪಿಗೆ ಸೇರುವ ಫೆರೂಲ್‌ಗೆ ಸಣ್ಣ ತೂತಿನ ವಾಷರ್ ಹಾಕಿ ನೋಡಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮಣ್ಣು ಕಟ್ಟಿ ನೀರೇ ನಿಂತು ಎಲ್ಲ ಕೀಳಿಸಬೇಕಾಯಿತು. ಬಿಟ್ಟುಬಿಟ್ಟೆ.

ಈಗ ಅಕ್ಕಪಕ್ಕದ ಪುರಸಭೆಯ ಜೆಇಗಳು ಫೋನ್ ಮಾಡಿ ಕೇಳುತ್ತಾರೆ, ಖುಷಿಯಾಗುತ್ತದೆ. ಮಾಡುವವರು ಒಂದು ಗಮನಿಸಿ: ವಾಲ್ವ್ ಮುಚ್ಚಿ ಖಾಲಿಯಾದ ಲೈನಿಗೆ ಸೋರುವ ಜಾಗದಿಂದಲೇ ಚರಂಡಿ ನೀರು ಒಳಗೆ ಎಳೆಯುತ್ತದೆ. ಪರೀಕ್ಷೆಯ ಮರುದಿನ ಮೊದಲ ಹದಿನೈದು ನಿಮಿಷ ಸ್ಕೌರ್ ವಾಲ್ವ್ ತೆರೆದು ಕೊಳೆ ನೀರು ಹೊರಗೆ ಹರಿಸಿ, ಕೊನೇ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಇದೆಯಾ ನೋಡಿಕೊಂಡೇ ಜನರಿಗೆ ಕೊಡಿ.