ಜೈಲಿನ ಹತ್ತಿರ ಮನೆ ತಗೊಳ್ಳೋ ಮುಂಚೆ ಮೊಬೈಲ್ ಪರೀಕ್ಷೆ ಮಾಡಿ

ಮೈಸೂರಿನ ಕೇಂದ್ರ ಕಾರಾಗೃಹದ ಆಸುಪಾಸಿನಲ್ಲಿ ಮನೆ ನೋಡುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದೊಂದು ಮಾಡಿ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಹಿಡಿದು, ವೈಫೈ ಆಫ್ ಮಾಡಿ, ಪ್ರತಿ ಕೋಣೆಯಲ್ಲೂ ಒಂದು ಕರೆ ಮಾಡಿ, ಹತ್ತು ರೂಪಾಯಿ ಯುಪಿಐನಲ್ಲಿ ಕಳಿಸಿ. ಅಡುಗೆಮನೆ, ಒಳಗಿನ ರೂಮು ಬಿಡಬೇಡಿ. ಬರೀ ಸಿಗ್ನಲ್ ಕಡ್ಡಿ ನೋಡಿ ನಂಬಬೇಡಿ, ಕಡ್ಡಿ ತುಂಬಿದ್ದರೂ ಕರೆ ಹೋಗದೇ ಇರಬಹುದು. ಕೈದಿಗಳು ಕದ್ದು ಮೊಬೈಲ್ ಬಳಸದಿರಲಿ ಅಂತ ಜೈಲುಗಳಲ್ಲಿ ಜಾಮರ್, ಅಂದರೆ ಸಿಗ್ನಲ್ ತಡೆಯುವ ಯಂತ್ರ, ಹಾಕುತ್ತಾರೆ. ಅದರ ಅಲೆ ಗೋಡೆಗೆ ನಿಲ್ಲೋದಿಲ್ಲ, ಅಲ್ವಾ? ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಸುತ್ತಲಿನ ನಿವಾಸಿಗಳು ಇದೇ ತೊಂದರೆಗೆ ದೂರು ಕೊಟ್ಟಿದ್ದರು. ಖಾತೆ, ಇಸಿ (ಋಣಭಾರ ಪತ್ರ) ಯಾವ ಕಾಗದದಲ್ಲೂ ಇದು ಕಾಣುವುದಿಲ್ಲ. ಗ್ಯಾಸ್ ಹುಡುಗ ಬಾಗಿಲಲ್ಲಿ ನಿಂತು ಓಟಿಪಿ ಕೇಳಿದಾಗಲೇ ಗೊತ್ತಾಗೋದು. ವಯಸ್ಸಾದ ಅಪ್ಪ ಅಮ್ಮ ಮನೆಯಲ್ಲಿದ್ದರೆ ಈ ಪರೀಕ್ಷೆ ಖಂಡಿತ ತಪ್ಪಿಸಬೇಡಿ, ರಾತ್ರಿ ಹೊತ್ತು ಆಂಬುಲೆನ್ಸ್‌ಗೆ ಫೋನ್ ಹೋಗಲೇಬೇಕು. ಆದರೆ ನೀವು ಹೋದಾಗ ಜಾಮರ್ ಆಫ್ ಆಗಿದ್ದರೆ ಪರೀಕ್ಷೆ ಸುಮ್ನೆ ದಂಡ. ಅದಕ್ಕೆ ಬೇರೆ ಬೇರೆ ದಿನ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ. ಪಕ್ಕದ ಅಂಗಡಿಯವರನ್ನೂ ಕೇಳಿ, ಕ್ಯೂಆರ್ ಕೋಡ್ ಇಟ್ಟುಕೊಂಡವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮುಂದೆ ಹೊಸ ಜಾಮರ್ ಬಂದರೆ ಇವತ್ತಿನ ಪರೀಕ್ಷೆ ಲೆಕ್ಕಕ್ಕಿಲ್ಲ. ಹಾಗಾಗಿ ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಇರಲಿ ಅಂತ ಕೇಬಲ್ ಬ್ರಾಡ್‌ಬ್ಯಾಂಡ್ ಆ ಬೀದಿಗೆ ಬಂದಿದೆಯಾ ಅಂತಲೂ ನೋಡಿಕೊಳ್ಳಿ.