ಇಳಕಲ್ ಸೀರೆ ಲೆಕ್ಕದ ಆ್ಯಪ್: ಫೋಲ್ಡರ್‌ಗಳನ್ನು ನಾನು ಜೋಡಿಸಿದ ಬಗೆ

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನಮ್ಮ ಕಾಕಾ ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸುತ್ತಾರೆ. ಯಾರಿಗೆ ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ಕೂಲಿ ಎಷ್ಟು ಬಾಕಿ ಎಂಬ ಲೆಕ್ಕಕ್ಕೆ ನಾನೊಂದು ವೆಬ್ ಆ್ಯಪ್ ಬರೆದೆ. ಮುಂದೆ, ಅಂದರೆ ಬ್ರೌಸರ್‌ನಲ್ಲಿ ಕಾಣುವ ಭಾಗಕ್ಕೆ ರಿಯಾಕ್ಟ್; ಹಿಂದೆ, ಅಂದರೆ ಸರ್ವರ್ ಭಾಗಕ್ಕೆ ನೋಡ್ ಮತ್ತು ಎಕ್ಸ್‌ಪ್ರೆಸ್. ಇವೆಲ್ಲ ಜಾವಾಸ್ಕ್ರಿಪ್ಟ್ ಸಲಕರಣೆಗಳು.

ಮೊದಲು ರೂಟ್ಸ್, ಕಂಟ್ರೋಲರ್ಸ್, ಮಾಡೆಲ್ಸ್, ಕಾಂಪೊನೆಂಟ್ಸ್, ಯುಟಿಲ್ಸ್ ಅಂತ ಫೈಲಿನ ಜಾತಿ ನೋಡಿ ಫೋಲ್ಡರ್ ಮಾಡಿದ್ದೆ. ಹತ್ತು ಫೈಲ್ ಇರುವಾಗ ಚೆನ್ನಾಗಿತ್ತು. ಆಮೇಲೆ ಗೋಮಿ ಎಂಬ ವಿನ್ಯಾಸದ ದಡಿಯ ಸೀರೆಗೆ ಬೇರೆ ಕೂಲಿ ಹಾಕಬೇಕಾದರೂ ಐದು ಫೋಲ್ಡರ್ ತೆರೆಯಬೇಕಾಯಿತು. ಯುಟಿಲ್ಸ್ ಅಂತೂ ಮನೆಯ ಅಟ್ಟದ ಹಾಗಾಯಿತು. ಎಲ್ಲಿಡಬೇಕೆಂದು ತಿಳಿಯದ್ದೆಲ್ಲ ಅಲ್ಲಿಗೇ.

ದೊಡ್ಡ ತಪ್ಪು ಆಗಿದ್ದು ಕೂಲಿಯಲ್ಲಿ. ನೂಲಿನ ತೂಕದ ಕಡಿತ ಸೇರಿದಾಗ ಪೈಸೆ ಬರುತ್ತದೆ. ಬ್ರೌಸರ್ ಕೋಡ್ ಸೀರೆಗೊಮ್ಮೆ ಪೈಸೆಯನ್ನು ರೂಪಾಯಿಗೆ ಸರಿಮಾಡುತ್ತಿತ್ತು, ಸರ್ವರ್ ಕೋಡ್ ಎಲ್ಲ ಕೂಡಿದ ಮೇಲೆ ಮಾಡುತ್ತಿತ್ತು. ಒಂದೇ ಲೆಕ್ಕವನ್ನು ನಾನು ಎರಡು ಕಡೆ ಬರೆದಿದ್ದೆ. ಕಾಕಾ ಫೋನ್ ಮಾಡಿದರು: “ತಮ್ಮಾ, ಮೊಬೈಲ್‌ನ್ಯಾಗ ಒಂದು ಕೂಲಿ, ಪಟ್ಟಿಯೊಳಗ ಇನ್ನೊಂದು. ಯಾವುದು ಖರೆ?” ಮೂರು ರೂಪಾಯಿ ವ್ಯತ್ಯಾಸ. ದುಡಿದವರ ದುಡ್ಡು ಅದು, ಸುಮ್ನೆ ಬಿಡೋಕಾಗುತ್ತಾ?

ಅವತ್ತೇ ಎಲ್ಲ ಬಿಚ್ಚಿದೆ. ಒಂದೇ ರೆಪೊಸಿಟರಿ (ಕೋಡ್ ಮತ್ತು ಅದರ ಇತಿಹಾಸ ಇಡುವ ಜಾಗ), ಅದರಲ್ಲಿ ಮೂರು ಫೋಲ್ಡರ್: ಕ್ಲೈಂಟ್ (ಬ್ರೌಸರ್ ಭಾಗ), ಸರ್ವರ್, ಶೇರ್ಡ್ (ಎರಡಕ್ಕೂ ಸೇರಿದ್ದು). ಇವನ್ನು ಎನ್‌ಪಿಎಂ ವರ್ಕ್‌ಸ್ಪೇಸ್ ಆಗಿ, ಅಂದರೆ ಒಂದೇ ರೆಪೊಸಿಟರಿಯಲ್ಲಿ ಕೂಡಿಕೊಂಡ ಪ್ಯಾಕೇಜ್‌ಗಳಾಗಿ ಕಟ್ಟಿದೆ. ಕ್ಲೈಂಟ್ ಮತ್ತು ಸರ್ವರ್ ಒಳಗೆ ಕೆಲಸದ ಹೆಸರಿನ ಫೋಲ್ಡರ್‌ಗಳು: ನೂಲು, ಸೀರೆ, ಕೂಲಿ, ನೇಕಾರರು. ಸರ್ವರ್‌ನ ಕೂಲಿ ಫೋಲ್ಡರ್‌ನಲ್ಲೇ ಅದರ ರೂಟ್ (ಯಾವ ವಿಳಾಸಕ್ಕೆ ಯಾವ ಕೋಡ್ ಎಂಬುದು), ಡೇಟಾಬೇಸ್ ಕ್ವೆರಿ, ಟೆಸ್ಟ್ ಮೂರೂ ಕೂತಿವೆ. ಕೂಲಿ ಬದಲಾದರೆ ಎಲ್ಲಿಗೆ ಹೋಗಬೇಕೆಂದು ಹುಡುಕುವ ಕೆಲಸವೇ ಇಲ್ಲ.

ಶೇರ್ಡ್ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಎರಡೂ ಕಡೆಗೆ ಬೇಕಾದ ಲೆಕ್ಕ ಮತ್ತು ಫಾರ್ಮ್ ತಪಾಸಣೆ ಮಾತ್ರ ಅಲ್ಲಿರಬೇಕು. ಡೇಟಾಬೇಸನ್ನೂ ಬ್ರೌಸರನ್ನೂ ಅದು ಮುಟ್ಟಬಾರದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ ಅಲ್ವಾ? ಶೇರ್ಡ್ ನನಗೆ ಆ ಕೊಂಡಿ. ಕ್ಲೈಂಟ್ ಕೋಡ್ ಸರ್ವರ್‌ನಿಂದ ನೇರವಾಗಿ ಇಂಪೋರ್ಟ್ ಮಾಡುವಂತಿಲ್ಲ, ಅಂದರೆ ಅಲ್ಲಿನ ಫೈಲನ್ನು ಕರೆದುಕೊಳ್ಳುವಂತಿಲ್ಲ.

ಡೇಟಾಬೇಸ್ ಪಾಸ್‌ವರ್ಡ್ ಇರುವ ಎನ್ವ್ (ಸೆಟ್ಟಿಂಗ್‌ಗಳ) ಫೈಲ್ ಸರ್ವರ್ ಫೋಲ್ಡರ್‌ನಲ್ಲಿದೆ. ಕೋಡ್ ಇತಿಹಾಸ ಇಡುವ ಗಿಟ್ ಅದನ್ನು ಸೇರಿಸಿಕೊಳ್ಳದಂತೆ ಗಿಟ್‌ಇಗ್ನೋರ್ ಪಟ್ಟಿಯಲ್ಲೂ ಸೇರಿದೆ. ಕ್ಲೈಂಟ್ ಕೋಡನ್ನು ಬ್ರೌಸರ್‌ಗೆ ಸಿದ್ಧಪಡಿಸುವ ವೀಟ್ ಎಂಬ ಸಲಕರಣೆ ಬಳಸುವವರು ಒಂದು ನೆನಪಿಡಿ: ಕೋಡ್‌ನಲ್ಲಿ ಬಳಸಿದ, ‘VITE_’ ಎಂದು ಶುರುವಾಗುವ ಎನ್ವ್ ವೇರಿಯಬಲ್‌ಗಳ ಮೌಲ್ಯ ಬ್ರೌಸರ್‌ವರೆಗೂ ಹೋಗುತ್ತದೆ.

ಫೈಲ್‌ಗಳ ಸ್ಥಳ ಬದಲಿಸುವಾಗ ಒಂದು ಕಮಿಟ್‌ಗೆ (ಗಿಟ್‌ನಲ್ಲಿ ಒಮ್ಮೆ ದಾಖಲಿಸುವ ಬದಲಾವಣೆಗೆ) ಒಂದೇ ಫೋಲ್ಡರ್ ಸರಿಸಿದೆ, ಕೋಡ್ ತಿದ್ದುಪಡಿಯನ್ನು ಬೇರೆ ಕಮಿಟ್‌ನಲ್ಲಿ ಮಾಡಿದೆ. ಫೈಲ್ ಸರಿದದ್ದನ್ನು ಗಿಟ್ ಬರೆದಿಡುವುದಿಲ್ಲ, ಒಳಗಿನ ಹೋಲಿಕೆ ನೋಡಿ ಊಹಿಸುತ್ತದೆ. ಎರಡನ್ನೂ ಬೆರೆಸಿದರೆ ಹಳೆಯ ಇತಿಹಾಸ ಹುಡುಕುವುದು ಕಷ್ಟ. ಇಷ್ಟಾದರೂ ಸರ್ವರ್‌ಗೆ ಹಾಕಿದಾಗ ಆ್ಯಪ್ ಏಳಲಿಲ್ಲ. ಒಂದು ಫೈಲ್ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದಿತ್ತು, ಇಂಪೋರ್ಟ್‌ನಲ್ಲಿ ಚಿಕ್ಕದಿತ್ತು. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಎರಡೂ ಒಂದೇ, ಸರ್ವರ್‌ನ ಲಿನಕ್ಸ್‌ಗೆ ಬೇರೆ ಬೇರೆ. ಈಗ ಎಲ್ಲ ಫೈಲ್ ಹೆಸರೂ ಚಿಕ್ಕಕ್ಷರದಲ್ಲೇ ಇಡುತ್ತೇನೆ.