ಗಾಲ್ಫ್‌ನಲ್ಲಿ ಡ್ರೈವರ್ (ದೂರ ಹೊಡೆಯೋ ಕ್ಲಬ್) ಬದಲಿಸೋ ಮೊದಲು ಬೆನ್ನು, ಹಿಪ್ ನೋಡ್ಕೊಳ್ಳಿ

ಕುರ್ಚಿ ಮೇಲೆ ಮಂಡಿ ಜೋಡಿಸಿ ನೆಟ್ಟಗೆ ಕೂತು, ಕ್ಲಬ್ಬನ್ನು ಎದೆಗೆ ಅಡ್ಡ ಹಿಡಿದು ಎರಡೂ ಕಡೆ ತಿರುಗಿ. 45 ಡಿಗ್ರಿ ಬರಲಿಲ್ಲ ಅಂದ್ರೆ ಬಿಗಿ ಇರೋದು ಬೆನ್ನಿನ ಮೇಲ್ಭಾಗದಲ್ಲಿ. ಕೆಳಬೆನ್ನು ತಿರುಗೋದೇ ಕಮ್ಮಿ. ಮೇಲಿನ ಬೆನ್ನು, ಹಿಪ್ ಎರಡೂ ಕೈಕೊಟ್ರೆ ಭಾರವೆಲ್ಲ ಕೆಳಬೆನ್ನಿನ ಮೇಲೇ ಬೀಳುತ್ತೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರೋರಿಗಂತೂ ಇದು ಮಾಮೂಲು.

ಬೆನ್ನಿಗೆ: ಪಕ್ಕಕ್ಕೆ ಮಲಗಿ, ಮಂಡಿಗಳನ್ನು 90 ಡಿಗ್ರಿ ಮಡಚಿ, ನಡುವೆ ದಿಂಬು ಇಟ್ಟು ಒತ್ತಿ ಹಿಡೀರಿ. ಕೈಗಳು ಮುಂದಕ್ಕೆ ಚಾಚಿರಲಿ. ಉಸಿರು ಬಿಡ್ತಾ ಮೇಲಿನ ಕೈಯನ್ನು ಹಿಂದಕ್ಕೆ ತೆರೀರಿ, ಕಣ್ಣು ಕೈ ಜೊತೆಗೇ ಹೋಗಲಿ. ಒಂದೊಂದು ಕಡೆಗೆ 8 ಸಲ. ದಿಂಬು ಜಾರಿದ್ರೆ ತಿರುಗಿದ್ದು ಕೆಳಬೆನ್ನು, ಲೆಕ್ಕಕ್ಕಿಲ್ಲ.

ಹಿಪ್‌ಗೆ: ನೆಲದ ಮೇಲೆ ಕೂತು ಕೈ ಹಿಂದೆ ಊರಿ, ಪಾದ ಅಗಲಿಸಿ, ಎರಡೂ ಮಂಡಿಗಳನ್ನು ಎಡಕ್ಕೆ ಬಲಕ್ಕೆ ಬೀಳಿಸಿ, 10 ಸಲ. ಬಲಗೈ ಆಟಗಾರರು ಎಡ ಹಿಪ್ ಒಳಮುಖವಾಗಿ ಎಷ್ಟು ತಿರುಗುತ್ತೆ ಅಂತ ಗಮನಿಸಿ. ಫಾಲೋ ಥ್ರೂನಲ್ಲಿ, ಅಂದ್ರೆ ಚೆಂಡು ಹೊಡೆದ ಮೇಲೆ ಸ್ವಿಂಗ್ ಮುಂದುವರಿಯುವಾಗ, ದೇಹ ತಿರುಗೋದು ಅದರ ಮೇಲೇ.

ವೇಗಕ್ಕೆ: ವಾರಕ್ಕೆ ಎರಡು ದಿನ 2-3 ಕಿಲೋ ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಗೋಡೆಗೆ ಪಕ್ಕದಿಂದ ಜೋರಾಗಿ ಎಸೀರಿ. ಒಂದೊಂದು ಕಡೆಗೆ 5 ಸಲದಂತೆ 3 ಸೆಟ್, ನಡುವೆ ಒಂದೂವರೆ ನಿಮಿಷ ಬಿಡುವು. ಇನ್ನೂ ಭಾರದ ಬಾಲ್ ತಗೊಂಡು ಶೌರ್ಯ ತೋರಿಸಬೇಡಿ, ಎಸೆತ ನಿಧಾನವಾದ್ರೆ ಉದ್ದೇಶವೇ ಕೆಡುತ್ತೆ.

ಟೀ ಆಫ್‌ಗೆ (ಆಟದ ಮೊದಲ ಹೊಡೆತಕ್ಕೆ) ಮುಂಚೆ ನಿಮಿಷಗಟ್ಟಲೆ ಹಿಡಿದಿಡೋ ಸ್ಟ್ರೆಚ್ ಬೇಡ. ಕಾಲು ಬೀಸಿ, ವೆಡ್ಜ್‌ನಲ್ಲಿ (ಹತ್ತಿರದ ಹೊಡೆತದ ಕ್ಲಬ್) ಅರ್ಧ ಸ್ವಿಂಗ್ ಮಾಡಿ, ಡ್ರೈವರ್ ಕೊನೆಗೆ.